ಎಳ್ಳುಕಾಳಿನಷ್ಟು ಚೆಂಡು: 1912ರ ಕಾರ್ಲೈಲ್ ಪಂದ್ಯದ ಮಾದರಿ, ಆರನೆಯ ವಾರದವರೆಗೆ

ಮೊದಲ ವಾರ

ಹಲಗೆ ಬಂತು. ನಾಲ್ಕಡಿ ಉದ್ದ, ಎರಡಡಿ ಅಗಲದ ಪ್ಲೈವುಡ್. ಒಂದು ಗಜಕ್ಕೆ ಒಂದು ಸೆಂಟಿಮೀಟರ್ ಎಂದು ಅಳತೆ ಇಟ್ಟುಕೊಂಡೆ. ಅಮೆರಿಕನ್ ಫುಟ್‌ಬಾಲ್ ಅಂಗಳ ನೂರು ಗಜ, ಎರಡೂ ತುದಿಯಲ್ಲಿ ಹತ್ತು ಹತ್ತು ಗಜದ ಎಂಡ್ ಝೋನ್, ಅಂದರೆ ಗೋಲು ಗೆರೆಯ ಆಚೆಗಿನ ಪಟ್ಟಿ. ಒಟ್ಟು 120 ಸೆಂ.ಮೀ., ಹಲಗೆಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಅಂಗಳಕ್ಕೆ ಈ ಅಳತೆ ಬಂದದ್ದೇ 1912ರಲ್ಲಿ. ಅದಕ್ಕೆ ಮೊದಲು 110 ಗಜ ಇತ್ತು, ಎಂಡ್ ಝೋನ್ ಇರಲಿಲ್ಲ. ಅದೇ ವರ್ಷ ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸುವುದಕ್ಕೆ) ಐದರ ಬದಲು ಆರು ಅಂಕವಾಯಿತು, ಹತ್ತು ಗಜ ಮುನ್ನಡೆಯಲು ಮೂರರ ಬದಲು ನಾಲ್ಕು ಅವಕಾಶ ಸಿಕ್ಕಿತು.

ನಾನು ಹಲಗೆಯ ಮೇಲೆ ಹಿಡಿದಿಡಲು ಹೊರಟಿರುವುದು 1912ರ ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ನಲ್ಲಿ ನಡೆದ ಆಟ. ಒಂದು ಕಡೆ ಸೇನಾ ಅಕಾಡೆಮಿಯ ತಂಡ, ಇನ್ನೊಂದು ಕಡೆ ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಶಾಲೆ. 'ಇಂಡಿಯನ್' ಎಂದರೆ ಇಲ್ಲಿ ಅಮೆರಿಕದ ಮೂಲನಿವಾಸಿಗಳು. ಕಾರ್ಲೈಲ್ ಹೆಸರಿಗೆ ಕಾಲೇಜಲ್ಲ, ಆದರೆ ಕಾಲೇಜು ತಂಡಗಳೊಂದಿಗೇ ಆಡುತ್ತಿತ್ತು, ಗೆಲ್ಲುತ್ತಿತ್ತು.

ಎರಡನೆಯ ವಾರ

ಹಸಿರು ಬಣ್ಣ ಎರಡು ಸಲ ಬಳಿದು, ಐದೈದು ಸೆಂ.ಮೀ.ಗೆ ಒಂದು ಅಡ್ಡಗೆರೆ ಎಳೆದೆ. ಗೆರೆಗೆ ಫೆವಿಕಾಲ್ ಸವರಿ ಮೇಲೆ ರಂಗೋಲಿ ಪುಡಿ ಉದುರಿಸಿದರೆ ಸುಣ್ಣದ ಗೆರೆಯಂತೆಯೇ ಕಾಣುತ್ತದೆ. ಗೋಲು ಕಂಬಗಳಿಗೆ ಊದುಬತ್ತಿ ಉರಿದು ಉಳಿದ ಕಡ್ಡಿಗಳು. ಅವನ್ನು ಈಗಿನ ಆಟದಲ್ಲಿ ನೋಡಿದಂತೆ ಎಂಡ್ ಝೋನಿನ ಹಿಂಬದಿಯ ಗೆರೆಯ ಮೇಲೆ ನಿಲ್ಲಿಸಿದೆ. ಅಂಟು ಒಣಗಿದ ಮೇಲೆ ತಪ್ಪು ತಿಳಿಯಿತು: ಕಾಲೇಜು ಆಟದಲ್ಲಿ ಕಂಬಗಳು ಹಿಂದಕ್ಕೆ ಹೋದದ್ದು 1927ರಲ್ಲಿ. ಅದಕ್ಕೂ ಮೊದಲು ಅವು ಗೋಲು ಗೆರೆಯ ಮೇಲೆಯೇ, ಆಟಗಾರರ ಓಟದ ದಾರಿಯಲ್ಲೇ ನಿಂತಿರುತ್ತಿದ್ದವು. ಕಿತ್ತು, ಹತ್ತು ಸೆಂ.ಮೀ. ಮುಂದೆ ನೆಟ್ಟೆ. ಹಳೆಯ ತೂತುಗಳಿಗೆ ಮರದ ಪುಡಿ, ಅಂಟು ತುಂಬಿ ಉಜ್ಜಿದ್ದೇನೆ. ಬೆರಳಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಮೂರನೆಯ ವಾರ

ಕೈಗೆ ಬಿಡುವಿರಲಿಲ್ಲ, ಹಲಗೆ ಮುಟ್ಟಲಿಲ್ಲ. ಆ ಋತುವಿನಲ್ಲಿ ಕಾರ್ಲೈಲ್ ಆಡಿದ ಹದಿನಾಲ್ಕು ಪಂದ್ಯಗಳ ಅಂಕಗಳನ್ನಷ್ಟೇ ಒಂದು ಪಟ್ಟಿಯಲ್ಲಿ ಬರೆದೆ. ವಿಲನೋವಾ ವಿರುದ್ಧ 65–0, ಸಿರಕ್ಯೂಸ್ ವಿರುದ್ಧ 33–0, ಪಿಟ್ಸ್‌ಬರ್ಗ್ ವಿರುದ್ಧ 45–8. ವಾಷಿಂಗ್ಟನ್ ಆ್ಯಂಡ್ ಜೆಫರ್ಸನ್ ಜೊತೆ 0–0 ಸಮ. ಸೋತದ್ದು ಒಂದೇ ಒಂದು, ಪೆನ್ ವಿಶ್ವವಿದ್ಯಾಲಯದ ಎದುರು 34–26. ಕೂಡಿದರೆ ಗಳಿಸಿದ್ದು 504, ಕೊಟ್ಟದ್ದು 114. ಹನ್ನೆರಡು ಗೆಲುವು.

ಐದನೆಯ ವಾರ

ಆಟಗಾರರು ಇಪ್ಪತ್ತೆರಡು ಮಂದಿ, ಒಬ್ಬೊಬ್ಬರೂ ಎರಡೇ ಸೆಂ.ಮೀ. ಎತ್ತರ. ತಾಮ್ರದ ತಂತಿ ಬಗ್ಗಿಸಿ, ಎಂ-ಸೀಲ್ ಮೆತ್ತಿ, ಸೂಜಿಯ ಮೊನೆಯಿಂದ ಕೈಕಾಲು ಬಿಡಿಸುವುದು. ಎಲ್ಲರ ತಲೆಗೂ ಶಿರಸ್ತ್ರಾಣ ಹಾಕಲಿಲ್ಲ. ಆಗ ಇದ್ದದ್ದು ಚರ್ಮದ ಟೋಪಿ, ಅದೂ ಕಡ್ಡಾಯವಲ್ಲ. ಕಾರ್ಲೈಲ್‌ಗೆ ಕೆಂಪು, ಸೇನೆಗೆ ಕಪ್ಪು.

ಕೂದಲಿಗೆ ಬಣ್ಣ ಹಚ್ಚುವಾಗ ಕೈ ತಡೆಯಿತು. ಸೇನಾಧಿಕಾರಿ ರಿಚರ್ಡ್ ಹೆನ್ರಿ ಪ್ರ್ಯಾಟ್ 1879ರಲ್ಲಿ ಹಳೆಯ ಸೈನಿಕ ವಸತಿಯಲ್ಲಿ ತೆರೆದ ಶಾಲೆ ಕಾರ್ಲೈಲ್. ಬಂದ ಮಕ್ಕಳ ಜಡೆ ಕತ್ತರಿಸುತ್ತಿದ್ದರು, ಹೆಸರು ಬದಲಿಸುತ್ತಿದ್ದರು, ಮನೆಮಾತಾಡಿದರೆ ಶಿಕ್ಷಿಸುತ್ತಿದ್ದರು. ಗಿಡ್ಡ ಕೂದಲನ್ನೇ ಬಿಡಿಸಬೇಕಾಯಿತು, ಚಿತ್ರಗಳಲ್ಲಿ ಇರುವುದೇ ಹಾಗೆ. ಅಮೆರಿಕದ ಸೈನಿಕರು ವೂಂಡೆಡ್ ನೀಯಲ್ಲಿ ಲಕೋಟಾ ಎಂಬ ಮೂಲನಿವಾಸಿ ಜನರನ್ನು ಕೊಂದದ್ದು 1890ರಲ್ಲಿ. ಇಪ್ಪತ್ತೆರಡು ವರ್ಷವಾದ ಮೇಲೆ ಮೂಲನಿವಾಸಿ ಹುಡುಗರು ಅದೇ ಸೈನ್ಯದ ನಾಳಿನ ಅಧಿಕಾರಿಗಳೆದುರು, ಹನ್ನೊಂದಕ್ಕೆ ಹನ್ನೊಂದು ಎಂದು ನಿಂತರು. ಸೇನೆಯ ಕಡೆ ಆಡಿದವರಲ್ಲಿ ಮುಂದೆ ಅಧ್ಯಕ್ಷನಾದ ಡ್ವೈಟ್ ಐಸೆನ್‌ಹೋವರ್ ಕೂಡ ಇದ್ದ.

ಆರನೆಯ ವಾರ

ಈ ವಾರ ವ್ಯೂಹ ಜೋಡಿಸಿದೆ. ನನಗೆ ಇಡೀ ಮಾದರಿ ಬೇಕಾಗಿದ್ದದ್ದೇ ಇದಕ್ಕಾಗಿ. ಈ ಪಂದ್ಯವನ್ನು ಸೇಡಿನ ಕಥೆಯಾಗಿ ಹೇಳುವವರೇ ಹೆಚ್ಚು. ಸಿಟ್ಟು ಇದ್ದಿರಲೇಬೇಕು, ಆದರೆ ಸಿಟ್ಟಿನಿಂದಷ್ಟೇ ಕಾರ್ಲೈಲ್‌ಗೆ 27–6ರ ಗೆಲುವು ಆಗುವುದಿಲ್ಲ. ಮೈತೂಕದಲ್ಲಿ ಕಾರ್ಲೈಲ್ ಹುಡುಗರು ಹಗುರ. ನೇರ ಗುದ್ದಾಟಕ್ಕೆ ನಿಂತರೆ ಕಷ್ಟ. ತರಬೇತುದಾರ ಗ್ಲೆನ್ 'ಪಾಪ್' ವಾರ್ನರ್ ಹೂಡಿದ್ದು ಎರಡು ರೆಕ್ಕೆಯ ವ್ಯೂಹ: ಮುಂಗೆರೆಯಲ್ಲಿ ಏಳು ಜನ, ಹಿಂದಿನ ನಾಲ್ವರಲ್ಲಿ ಇಬ್ಬರು ಎರಡು ಅಂಚಿಗೆ ಸರಿದು ನಿಲ್ಲುತ್ತಾರೆ. ಚೆಂಡು ಯಾರ ಕೈ ಸೇರುತ್ತದೆ, ಯಾವ ಪಕ್ಕಕ್ಕೆ ಓಡುತ್ತದೆ, ಪಾಸ್ ಆಗಿ ಹಾರುತ್ತದೆಯೇ ಎಂದು ಎದುರಿನವರಿಗೆ ಮೊದಲೇ ತಿಳಿಯುವುದಿಲ್ಲ. ಕಾಗದದ ಮೇಲೆ ಎಷ್ಟು ಸಲ ನೋಡಿದ್ದರೂ ಅರ್ಥವಾಗಿರಲಿಲ್ಲ. ಹಲಗೆಯ ಮಟ್ಟಕ್ಕೆ ಕಣ್ಣಿಟ್ಟು, ಸೇನೆಯ ಆಟಗಾರನ ಬೆನ್ನ ಹಿಂದಿನಿಂದ ನೋಡಿದಾಗ ಅರ್ಥವಾಯಿತು: ಮುಂಗೆರೆಯ ಏಳು ಜನರ ಹಿಂದೆ ಆಟ ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಗಸ್ ವೆಲ್ಶ್‌ನ ಕೈ ಕಾಣುವುದೇ ಇಲ್ಲ.

ಕೊನೆಗೆ ಚೆಂಡು. ಹನ್ನೊಂದು ಅಂಗುಲದ ಚೆಂಡು ನನ್ನ ಅಳತೆಯಲ್ಲಿ ಮೂರು ಮಿ.ಮೀ. ಅಡುಗೆಮನೆಯ ಡಬ್ಬದಿಂದ ತಂದ ಒಂದು ಎಳ್ಳುಕಾಳು ಸಾಕಾಯಿತು. ಅದನ್ನು ಕಾರ್ಲೈಲ್‌ನ ಜಿಮ್ ಥಾರ್ಪ್‌ಗೆ ಕೊಡಬೇಕೆಂದು ಮೊದಲಿನಿಂದಲೂ ಆಸೆಯಿತ್ತು. ಆ ಬೇಸಿಗೆಯಲ್ಲಷ್ಟೇ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡನ್ನೂ ಗೆದ್ದು ಬಂದವನು. ಎದುರಾಳಿಗಳ ಕಣ್ಣೆಲ್ಲ ಅವನ ಮೇಲೆಯೇ. ಆದರೆ ಅಂದು ಮೂರು ಟಚ್‌ಡೌನ್ ಮಾಡಿದವನು ಅವನದೇ ತಂಡದ ಅಲೆಕ್ಸ್ ಅರ್ಕಾಸಾ.

ಕಪ್ಪು ಅಂಗಿಯ ನಾಲ್ವರನ್ನು ಥಾರ್ಪ್ ಕಡೆಗೆ ತಿರುಗಿಸಿ ನಿಲ್ಲಿಸಿದೆ. ಚಿಮಟದಲ್ಲಿ ಎಳ್ಳುಕಾಳು ಎತ್ತಿ ಅರ್ಕಾಸಾನ ಮೊಣಕೈ ಸಂದಿಗೆ ಅಂಟಿಸಿದೆ.