ಅತ್ತೆ, ಇದಕ್ಕೆ ತಾಳ ಹಾಕಿ ನೋಡಿ

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಮೃದಂಗದ ಎಡಗಡೆಯ ಚರ್ಮಕ್ಕೆ, ನಾದ ಸರಿಯಾಗಿ ಬರಲಿ ಅಂತ, ರವೆ ಹಚ್ಚುತ್ತಾ ಕೂತಿದ್ದೆ. ಅಷ್ಟರಲ್ಲಿ ಫೋನು ಟಿಣ್ ಅಂತು. ಅಮೆರಿಕದಲ್ಲಿ ಓದುತ್ತಿರುವ ನನ್ನ ತಮ್ಮನ ಮಗ ಒಂದು ವಿಡಿಯೊ ಕಳಿಸಿದ್ದ. ಕೆಳಗೆ ಒಂದೇ ಸಾಲು: "ಅತ್ತೆ, ಇದಕ್ಕೆ ತಾಳ ಹಾಕಿ ನೋಡಿ."

ವೇದಿಕೆ ಮೇಲೆ ದೊಡ್ಡ ಆರ್ಕೆಸ್ಟ್ರಾ. ಅದರ ಮುಂದೆ ಇಬ್ಬರು ಹುಡುಗರು. ಅವರ ಮುಂದೆ ಮರಿಂಬಾ, ಅಂದರೆ ಮರದ ಪಟ್ಟಿಗಳ ವಾದ್ಯ. ನಮ್ಮ ಕಾಷ್ಠತರಂಗವನ್ನೇ ಮಂಚದಷ್ಟು ದೊಡ್ಡದು ಮಾಡಿದ ಹಾಗೆ. ಕೈಗಳು ಕಣ್ಣಿಗೆ ಕಾಣದಷ್ಟು ಜೋರಾಗಿ ಓಡುತ್ತಿದ್ದವು.

ನಾನು ಎಂಟು ಎಣಿಕೆಯ ಆದಿತಾಳ ಹಿಡಿದೆ. ಮೂರನೇ ಆವರ್ತಕ್ಕೆ, ಅಂದರೆ ಮೂರನೇ ಸುತ್ತಿಗೆ, ತಪ್ಪಿತು. ಮತ್ತೆ ಮೊದಲಿಂದ ಹಾಕಿ, ತಾಳ ಬಿಟ್ಟು, ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಮಾತ್ರ ಬೆರಳಲ್ಲಿ ಎಣಿಸಿದೆ. ಎರಡು, ಮೂರು, ಮತ್ತೆ ಎರಡು ಅಂತ ಸಣ್ಣ ಸಣ್ಣ ಗುಂಪುಗಳು. ತೊಡೆ ಮೇಲೆ ರವೆ ಅಂಟಿಕೊಂಡಿತು. ಆದರೆ ಲೆಕ್ಕ ಕೈಗೆ ಸಿಕ್ಕಿತು. ಇದು ನಾವು ಪಾಠದಲ್ಲಿ ಮಕ್ಕಳಿಗೆ ಮೂರಕ್ಕೆ "ತಕಿಟ", ಎರಡಕ್ಕೆ "ತಕ" ಅಂತ ಬಾಯಲ್ಲಿ ಹೇಳಿಸುವ ಲೆಕ್ಕವೇ ಅಲ್ವಾ ಅನ್ನಿಸಿ ಮೈ ಜುಮ್ಮೆಂದಿತು.

ಈ ಸಂಗೀತ ಬರೆದವರು ಇಸ್ರೇಲಿನ ಅವ್ನರ್ ಡೋರ್ಮನ್. 1975ರಲ್ಲಿ ಟೆಲ್ ಅವೀವ್‌ನಲ್ಲಿ ಹುಟ್ಟಿದವರು. ಕೃತಿಯ ಹೆಸರು 'ಸ್ಪೈಸಸ್, ಪರ್ಫ್ಯೂಮ್ಸ್, ಟಾಕ್ಸಿನ್ಸ್!' ಮಸಾಲೆ, ಅತ್ತರು, ವಿಷ. ಮೂರೂ ಸೆಳೆಯುತ್ತವೆ, ಮೂರರಲ್ಲೂ ಅಪಾಯ ಇದೆ, ಅದಕ್ಕೇ ಈ ಹೆಸರು. ಮಸಾಲೆಯ ಭಾಗದಲ್ಲಿ ಅರಬ್ ಕಡೆಯ ಸ್ವರಗಳ ಜೊತೆ ಭಾರತದ ಸ್ವರ ಮತ್ತು ತಾಳದ ಆವರ್ತಗಳನ್ನು ಬಳಸಿದ್ದಾರೆ. ಹಾಗಾಗಿ ನನ್ನ ಕೈಗೆ ಗುರುತು ಸಿಕ್ಕಿದ್ದು ಸುಮ್ನೆ ಅಲ್ಲ. 2006ರಲ್ಲಿ ಇದರ ಮೊದಲ ಪ್ರದರ್ಶನ ಆದಾಗ ಇಸ್ರೇಲ್ ಫಿಲಹಾರ್ಮೋನಿಕ್ ಆರ್ಕೆಸ್ಟ್ರಾವನ್ನು ಮುಂದೆ ನಿಂತು ನಡೆಸಿದವರು ನಮ್ಮ ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ!

ಆ ಇಬ್ಬರು ಹುಡುಗರ ಜೋಡಿಯ ಹೆಸರು ಪರ್ಕಡು. ಡೋರ್ಮನ್ ಈ ಜೋಡಿಗೆ ಮೊದಲೇ ಒಂದು ಕೃತಿ ಬರೆದುಕೊಟ್ಟಿದ್ದರು, 'ಉಡಾಕ್ರೆಪ್ ಅಕುಬ್ರಾಡ್' ಅಂತ. ಇದು ಯಾವ ಭಾಷೆ ಅಂತ ತಲೆ ಕೆಡಿಸಿಕೊಂಡಿದ್ದೆ. ತಮ್ಮನ ಮಗ ಫೋನಿನಲ್ಲಿ ನಗುತ್ತಾ ಹೇಳಿದ: "ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿ ಅತ್ತೆ." ಓದಿದರೆ ಪರ್ಕಡು, ದರ್ಬುಕಾ. ದರ್ಬುಕಾ ಅಂದರೆ ಅರಬ್ ನಾಡುಗಳಲ್ಲಿ ತೊಡೆ ಮೇಲೆ ಇಟ್ಟುಕೊಂಡು ನುಡಿಸುವ, ಹೂಜಿಯಾಕಾರದ ಚರ್ಮವಾದ್ಯ. ಇಬ್ಬರೂ ಒಬ್ಬರಿಗೊಬ್ಬರು ಬಿಟ್ಟುಕೊಟ್ಟು, ಮತ್ತೆ ಕಿತ್ತುಕೊಂಡು ನುಡಿಸುವುದನ್ನು ನೋಡಿದರೆ ಕಛೇರಿಯಲ್ಲಿ ತಾಳವಾದ್ಯಗಳು ಮಾತ್ರ ನುಡಿಯುವ ತನಿ ಆವರ್ತನದಲ್ಲಿ ಮೃದಂಗ, ಖಂಜರಿ ಕೂತ ಹಾಗೇ ಕಾಣುತ್ತದೆ.

ಅಲ್ಲಿಂದ ಡೋರ್ಮನ್ ಬರೆದದ್ದನ್ನು ಹುಡುಕಿ ಹುಡುಕಿ ಕೇಳುತ್ತಿದ್ದೇನೆ. ಟೆಲ್ ಅವೀವ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಜೊತೆ ಭೌತಶಾಸ್ತ್ರವನ್ನೂ ಓದಿದವರಂತೆ. ಅಲ್ಲಿ ಅವರಿಗೆ ಸಂಯೋಜನೆ ಕಲಿಸಿದವರು ಜಾರ್ಜಿಯಾ ದೇಶದಿಂದ ಬಂದು ಇಸ್ರೇಲಿನಲ್ಲಿ ನೆಲೆಸಿದ ಯೋಸೆಫ್ ಬರ್ದನಶ್ವಿಲಿ. 25ನೇ ವಯಸ್ಸಿಗೇ ಇಸ್ರೇಲಿನ ಪ್ರಧಾನಮಂತ್ರಿ ಪ್ರಶಸ್ತಿ ಬಂತು. ಆಮೇಲೆ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಸಂಯೋಜಕ ಜಾನ್ ಕೊರಿಗ್ಲಿಯಾನೊ ಹತ್ತಿರ ಕಲಿತು ಡಾಕ್ಟರೇಟ್ ಪಡೆದರು. ಈಗ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ಕಾಲೇಜಿನಲ್ಲಿ ಮೇಷ್ಟ್ರು.

2007ರಲ್ಲಿ ಆಸ್ಟ್ರಿಯಾದ ತಾಳವಾದ್ಯಗಾರ ಮಾರ್ಟಿನ್ ಗ್ರುಬಿಂಗರ್‌ಗೆ ಬರೆದ 'ಫ್ರೋಜನ್ ಇನ್ ಟೈಮ್' ನಮ್ಮ ಸಂಗೀತಕ್ಕೆ ಇನ್ನೂ ಹತ್ತಿರದ್ದು. ಭೂಮಿಯ ಖಂಡಗಳು ಒಂದಕ್ಕೊಂದು ಅಂಟಿಕೊಂಡಿದ್ದ ಕಾಲವನ್ನು ಊಹಿಸಿಕೊಂಡು ಮೂರು ಭಾಗ ಮಾಡಿದ್ದಾರೆ. ಮೊದಲನೆಯದು 'ಇಂಡೋಆಫ್ರಿಕಾ'. ಅದಕ್ಕೆ ದಕ್ಷಿಣ ಭಾರತದ ತಾಳಗಳೇ ಆಧಾರ. ಭಾರತ, ಆಫ್ರಿಕಾ ಒಂದೇ ನೆಲವಾಗಿದ್ದಾಗ ಹಾಡು ಇದ್ದಿದ್ದರೆ ಹೇಗಿರುತ್ತಿತ್ತು ಅನ್ನುವ ಯೋಚನೆಯೇ ನನಗೆ ಬಹಳ ಇಷ್ಟವಾಯಿತು.

ಎಷ್ಟೋ 'ಫ್ಯೂಷನ್' ಕಛೇರಿಗಳಲ್ಲಿ ಕೂತು ಬೇಸರಪಟ್ಟವಳು ನಾನು. ಒಂದು ತಂಬೂರಿ ಶ್ರುತಿ, ಒಂದು ತಬಲಾ, ಅದರ ಮೇಲೆ ಗಿಟಾರು ಇಟ್ಟರೆ ಆಯಿತು ಅನ್ನುವವರೇ ಜಾಸ್ತಿ. ಡೋರ್ಮನ್ ಹಾಗೆ ಮಾಡಿಲ್ಲ. ನಮ್ಮ ವಾದ್ಯದ ಸದ್ದು ತರುವ ಬದಲು ನಮ್ಮ ಎಣಿಕೆ ತಗೊಂಡಿದ್ದಾರೆ. ಅದನ್ನು ತಮ್ಮ ಮಾತಿನಲ್ಲೇ ಆಡಿದ್ದಾರೆ. ನಮ್ಮ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ಅವರ ಮ್ಯಾಂಡೊಲಿನ್ ಕನ್ಸರ್ಟೊ, ಅಂದರೆ ಒಂದು ವಾದ್ಯ ಮುಂದೆ, ಆರ್ಕೆಸ್ಟ್ರಾ ಜೊತೆಗೆ ಇರುವ ಕೃತಿ, ಅದರ ಬಗ್ಗೆ ಹೇಳಲೇಬೇಕು. 2006ರದ್ದು, ಇಸ್ರೇಲಿನ ಬೇರ್‌ಶೇವಾದಲ್ಲಿ ಹುಟ್ಟಿ ಬೆಳೆದ ಮ್ಯಾಂಡೊಲಿನ್ ವಾದಕ ಅವಿ ಅವಿಟಾಲ್‌ಗೆ ಬರೆದದ್ದು. ಮುಂದೆ ಅದರ ಧ್ವನಿಮುದ್ರಣದಿಂದಲೇ ಅವಿಟಾಲ್ ಗ್ರ್ಯಾಮಿಗೆ ನಾಮನಿರ್ದೇಶನಗೊಂಡರು. ಮ್ಯಾಂಡೊಲಿನ್ ಅಂದ ಕೂಡಲೇ ನಮಗೆ ಯು. ಶ್ರೀನಿವಾಸ್ ಅಲ್ವಾ? ಅವರದು ಎಲೆಕ್ಟ್ರಿಕ್. ತಂತಿ ಎಳೆದು, ಜಾರಿಸಿ ಗಮಕ, ಅಂದರೆ ಸ್ವರದ ತೂಗಾಟ, ತರುತ್ತಿದ್ದರು. ಅವಿಟಾಲ್‌ರದು ಜೋಡಿ ತಂತಿಗಳ ಹಳೆಯ ಮ್ಯಾಂಡೊಲಿನ್. ಮೀಟಿದ ಸ್ವರ ಬೇಗ ಆರಿಹೋಗುತ್ತದೆ. ನಿಲ್ಲಬೇಕಾದರೆ ಅದೇ ಸ್ವರವನ್ನು ಬಿಡದೆ ಮೀಟುತ್ತಿರಬೇಕು. ಕೈ ಓಡುತ್ತಲೇ ಇರುತ್ತದೆ, ಸ್ವರ ಅಲ್ಲೇ ನಿಂತಿರುತ್ತದೆ. ಡೋರ್ಮನ್ ಇಡೀ ಕೃತಿ ಕಟ್ಟಿದ್ದು ಇದರ ಮೇಲೆ: ಓಟ ಮತ್ತು ನಿಲುವು, ಸದ್ದು ಮತ್ತು ಮೌನ. ರಾತ್ರಿ ದೀಪ ಆರಿಸಿ ಕೇಳಿ. ಮೊದಲ ಕೆಲವು ನಿಮಿಷ ಫ್ಯಾನಿನ ಸದ್ದೂ ತೊಂದರೆ ಅನ್ನಿಸುತ್ತದೆ.

2017ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಅವರ ಆಪೆರಾ, ಅಂದರೆ ಸಂಗೀತ ನಾಟಕ, 'ವಾನ್‌ಫ್ರೀಡ್' ರಂಗಕ್ಕೆ ಬಂತು. ವಾನ್‌ಫ್ರೀಡ್ ಅನ್ನುವುದು ಅದೇ ದೇಶದ ಬೈರಾಯ್ಟ್ ಊರಿನಲ್ಲಿ ಸಂಗೀತಗಾರ ವಾಗ್ನರ್ ಕಟ್ಟಿಸಿದ ಮನೆ. ಅವರ ಅಳಿಯ ಚೇಂಬರ್ಲೇನ್ ಬರೆದ ಜನಾಂಗ ದ್ವೇಷದ ಪುಸ್ತಕವನ್ನು ಹಿಟ್ಲರನ ಕಡೆಯವರು ತಲೆ ಮೇಲೆ ಹೊತ್ತುಕೊಂಡಿದ್ದರು. ಆ ಮನೆಯ ಕಥೆಯೇ ಆಪೆರಾ. ಯಹೂದಿಗಳ ದೇಶವಾದ ಇಸ್ರೇಲಿನಲ್ಲಿ ವಾಗ್ನರ್ ಸಂಗೀತ ನುಡಿಸುವುದು ಇಂದಿಗೂ ಸುಲಭವಲ್ಲ. 1981ರಲ್ಲಿ ಮೆಹ್ತಾ ಕಛೇರಿಯ ಕೊನೆಯಲ್ಲಿ ಅದನ್ನು ನುಡಿಸಹೋದಾಗ ಸಭೆಯಲ್ಲೇ ಜನ ಎದ್ದು ಗಲಾಟೆ ಮಾಡಿದ್ದರು. ಅಂಥ ದೇಶದಲ್ಲಿ ಬೆಳೆದವರು ಜರ್ಮನಿಗೇ ಹೋಗಿ ಆ ಮನೆಯ ಕಥೆ ಹಾಡಿಸಿದರು. ಆ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ.

ಕಳೆದ ಭಾನುವಾರ ಪಾಠಕ್ಕೆ ಬರುವ ಇಬ್ಬರು ಮಕ್ಕಳಿಗೆ 'ಮಸಾಲೆ' ಹಾಕಿ ಕೇಳಿಸಿದೆ. ಏನೂ ಹೇಳಲಿಲ್ಲ. ಚಿಕ್ಕವಳು ಸ್ವಲ್ಪ ಹೊತ್ತು ಕೇಳಿ, ತಾನೇ ನೆಲದ ಮೇಲೆ ಬೆರಳು ಬಡಿಯುತ್ತಾ ಮೆಲ್ಲಗೆ ಶುರು ಮಾಡಿದಳು: "ತಕ, ತಕಿಟ, ತಕ..."