ಅವ್ವನ ಮೊಣಕಾಲು
ಇವತ್ತ ಮೊಣಕಾಲ ನೋವಿಗೆ ಅವ್ವನ್ನ ಬೆಳಗಾವಿ ಶಹಾಪುರದ ಒಂದು ಸಣ್ಣ ದವಾಖಾನಿಗೆ ಕರಕೊಂಡ ಹೋಗಿದ್ದೆ. 1933ರಾಗ ಆಯುರ್ವೇದ ಕಾಲೇಜು ಶುರುವಾದ ಊರು ನಮ್ಮ ಬೆಳಗಾವಿ. ಈ ದವಾಖಾನ್ಯಾಗ ಒಬ್ಬ ಅಜ್ಜ ಹಚ್ಚಿದ ದೀಪಾನ ಈಗ ಅವರ ಮಗ ಆಯುರ್ವೇದದಾಗ, ಸೊಸಿ ಫಿಸಿಯೋಥೆರಪಿಯಾಗ ಕಾಯಾಕತ್ತಾರ. ಮೊದಲ ಎಕ್ಸ್‌ರೇ ನೋಡಿದ್ರು. "ಶುಗರ್ ಗುಳಿಗಿ ಮಾತ್ರ ಬಿಡಬ್ಯಾಡ್ರಿ" ಅಂದ್ರು. ಅಲ್ಲೇ ನನಗ ನಂಬಿಕಿ ಬಂತು.

ಆಮ್ಯಾಲ ಜಾನುಬಸ್ತಿ, ಅಂದ್ರ ಮೊಣಕಾಲಿಗೆ ಎಣ್ಣಿ ಉಪಚಾರ. ಉದ್ದಿನ ಹಿಟ್ಟು ಗಟ್ಟಿ ನಾದಿ, ಮೊಣಕಾಲ ಮ್ಯಾಲ ಬಳಿಯಂಗ ಒಡ್ಡು ಕಟ್ಟಿ, ಒಳಗ ಬೆಚ್ಚನ ಎಣ್ಣಿ ತುಂಬಿದ್ರು. ಆರಿದ್ದನ್ನ ಹತ್ತಿಲೆ ಹೀರಿ ತಗದು ಮತ್ತ ಬಿಸಿ ಎಣ್ಣಿ, ಹಿಂಗ ಅರ್ಧ ತಾಸು. ಸವದ ಕೀಲು ಎಣ್ಣಿಲೆ ಹೊಸದಾಗಂಗಿಲ್ಲ, ತೊಡಿ ಸ್ನಾಯು ಗಟ್ಟಿ ಆಗಬೇಕು ಅಂತ ಅವರ ಹೇಳಿದ್ರು. ಅದಕ್ಕ ಅವ್ವ ಟವಲ್ ಸುರುಳಿ ಮೊಣಕಾಲ ಕೆಳಗಿಟ್ಟು ಒತ್ತಿ, ಹತ್ತು ಎಣಿಸಿದ್ಲು.

ಹೊಲದಾಗ ಕುಕ್ಕರಗಾಲಿಲೆ ಕಳೆ ತಗದ ಕಾಲು ಅವು. ಯಾರೋ ಅವನ್ನ ಎರಡೂ ಕೈಲೆ ಹಿಡದದ್ದು ನಾ ಇವತ್ತ ನೋಡಿದೆ.