ಅಪಘಾತದಿಂದ ಉಳಿದುಬಂದ ವಿಮಾನಾಂಚೆ: ಸಂಗ್ರಹದ ಸದ್ಯದ ಸ್ಥಿತಿ

ಕೈಗೆ ಸಿಕ್ಕ ಕ್ರಮದಲ್ಲಿ ಬೆಳೆದಿದ್ದ ನನ್ನ ಕ್ರ್ಯಾಶ್ ಕವರ್‌ಗಳ (ವಿಮಾನ ಅಪಘಾತದಿಂದ ಉಳಿದುಬಂದ ಲಕೋಟೆಗಳ) ಸಂಗ್ರಹವನ್ನು ಅಪಘಾತದ ದಿನಾಂಕಕ್ಕೆ ಅನುಸಾರವಾಗಿ ಮರುಜೋಡಿಸುವ ಕೆಲಸ ಬಹುಮಟ್ಟಿಗೆ ಮುಗಿದಿದೆ. ಸಂಗ್ರಾಹಕರು ಆಧಾರವಾಗಿ ಬಳಸುವ ನಿಯರಿಂಕ್ ಪಟ್ಟಿಯಲ್ಲಿ ಕ್ರಮಸಂಖ್ಯೆಯೇ ದಿನಾಂಕವಾಗಿರುತ್ತದೆ. 351231 ಎಂದರೆ 1935ರ ಡಿಸೆಂಬರ್ 31. ಹೀಗಾಗಿ ಹಾಳೆಗಳ ಅನುಕ್ರಮವನ್ನು ನಿರ್ಧರಿಸಲು ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ಸಮಯವೆಲ್ಲ ಹೋದದ್ದು ಪ್ರತಿಯೊಂದು ಲಕೋಟೆಯೂ ಅದು ಹೇಳಿಕೊಳ್ಳುವ ಅಪಘಾತಕ್ಕೇ ಸೇರಿದ್ದೇ ಎಂದು ಪರಿಶೀಲಿಸುವುದರಲ್ಲಿ.

ಮೇಲಿನ ಸಂಖ್ಯೆ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ವಿಮಾನಯಾನ ಸಂಸ್ಥೆಯ 'ಸಿಟಿ ಆಫ್ ಖಾರ್ಟೂಮ್' ಎಂಬ ಸಮುದ್ರವಿಮಾನದ್ದು. ಅಲೆಕ್ಸಾಂಡ್ರಿಯಾ ಬಂದರು ಇನ್ನೇನು ಸಮೀಪಿಸಿತೆನ್ನುವಾಗ ಇಂಧನ ಮುಗಿದು, ಅದರ ಮೂರೂ ಎಂಜಿನ್‌ಗಳು ನಿಂತು, ವಿಮಾನ ಕತ್ತಲಲ್ಲಿ ಕಡಲಿಗೆ ಬಿತ್ತು. ಹನ್ನೆರಡು ಜನ ಸತ್ತರು, ಬದುಕಿದವನು ಚಾಲಕನೊಬ್ಬನೇ. ಅದು ಇಂಗ್ಲೆಂಡಿನಿಂದ ಪೂರ್ವಕ್ಕೆ ಹೊರಟಿದ್ದ ಅಂಚೆಯನ್ನು ಹೊತ್ತಿತ್ತು. ಆದ್ದರಿಂದ ಲಕೋಟೆಯ ಮೇಲಿನ ಠಸ್ಸೆ (ಅಂಚೆ ಕಚೇರಿ ಒತ್ತುವ ದಿನಾಂಕದ ಗುರುತು) ಡಿಸೆಂಬರ್ ತಿಂಗಳ ಕೊನೆಯ ದಿನಗಳದ್ದಾಗಿರಬೇಕು, ವಿಳಾಸವೂ ಆ ಮಾರ್ಗದ ಊರಿನದೋ ಅದರಾಚೆಯದೋ ಆಗಿರಬೇಕು. ಪಶ್ಚಿಮಕ್ಕೆ ಹೊರಟ ಪತ್ರವೊಂದು, ಎಷ್ಟೇ ನೀರು ಕುಡಿದಿದ್ದರೂ, ಈ ವಿಮಾನದಲ್ಲಿ ಇದ್ದಿರಲಾರದು.

ನೀರಿನ ಕಲೆಯನ್ನು ಯಾರು ಬೇಕಾದರೂ ಬಟ್ಟಲಿನಲ್ಲಿ ಅದ್ದಿ ತಯಾರಿಸಬಹುದಾದ್ದರಿಂದ ಕಲೆಯೊಂದೇ ನನಗೆ ಪುರಾವೆಯಲ್ಲ. ನಾನು ಮೊದಲು ನೋಡುವುದು ಶಾಯಿಗಳು ಯಾವ ಕ್ರಮದಲ್ಲಿ ಕಾಗದಕ್ಕೆ ಬಿದ್ದಿವೆ ಎಂಬುದನ್ನು. ಬರಹದ ಬಣ್ಣದ ಶಾಯಿ ನೀರಿನಲ್ಲಿ ಹರಡುತ್ತದೆ, ಪೆನ್ಸಿಲ್ ಹಾಗೆಯೇ ಉಳಿಯುತ್ತದೆ, ಅಂಟು ಕರಗಿ ಅಂಚೆಚೀಟಿ ಕಳಚಿಹೋದರೆ ಅದು ಇದ್ದ ಜಾಗದಲ್ಲಿ ಚೌಕವೊಂದು ಉಳಿದು, ಠಸ್ಸೆಯ ಅರ್ಧಭಾಗ ಅದರ ಅಂಚಿನಲ್ಲಿ ಕತ್ತರಿಸಿದಂತೆ ನಿಂತುಬಿಡುತ್ತದೆ. ಆದರೆ ಹಾನಿಗೆ ಕಾರಣ ತಿಳಿಸುವ ಅಂಚೆ ಇಲಾಖೆಯ ಮುದ್ರೆಯನ್ನು ಒತ್ತಿದ್ದು ಪತ್ರವನ್ನು ಒಣಗಿಸಿದ ಮೇಲೆ. ಆದ್ದರಿಂದ ಅದು ಕಲೆಯ ಮೇಲೆ ಕೂತಿರಬೇಕು, ಹರಡಿರಬಾರದು. ವಿಳಾಸದ ಜೊತೆಗೆ ಮುದ್ರೆಯೂ ಅದೇ ದಿಕ್ಕಿಗೆ ಹರಡಿರುವ ಲಕೋಟೆಯನ್ನು, ಮುಂದೆ ಮತ್ತೊಮ್ಮೆ ನೆನೆದದ್ದಕ್ಕೆ ಬೇರೆ ಸಾಕ್ಷ್ಯವಿಲ್ಲದಿದ್ದರೆ, ನಾನು ಕೊಳ್ಳುವುದಿಲ್ಲ. ಚೀಟಿ ಕಳಚಿಹೋದ ಲಕೋಟೆಗೆ 'ಅಂದಕ್ಕಾಗಿ' ಬೇರೊಂದು ಚೀಟಿ ಅಂಟಿಸುವ ವ್ಯಾಪಾರಿಗಳ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು.

1919ರ ಹಾಳೆಯಲ್ಲಿ ಮೂಲ ಪತ್ರವಿಲ್ಲ, ಟಿಪ್ಪಣಿ ಮಾತ್ರ ಇದೆ. ಆ ವರ್ಷದ ಮೇ 18ರಂದು ನ್ಯೂಫೌಂಡ್‌ಲ್ಯಾಂಡಿನಿಂದ ವಿಮಾನದಲ್ಲಿ ಅಟ್ಲಾಂಟಿಕ್ ದಾಟಲು ಹೊರಟ ಹ್ಯಾರಿ ಹಾಕರ್ ಮತ್ತು ಮೆಕೆಂಜಿ-ಗ್ರೀವ್ ನಡುಗಡಲಿನಲ್ಲಿ ಇಳಿಯಬೇಕಾಯಿತು. ಅವರನ್ನು ಡೆನ್ಮಾರ್ಕಿನ ಹಡಗೊಂದು ರಕ್ಷಿಸಿತು. ತೇಲುತ್ತಿದ್ದ ವಿಮಾನವೂ ಅಂಚೆಚೀಲವೂ ಬಳಿಕ ಅಮೆರಿಕದ ಹಡಗೊಂದಕ್ಕೆ ಸಿಕ್ಕವು. ಆ ಹಾರಾಟಕ್ಕಾಗಿ ಮೇಲ್ಮುದ್ರಣ ಮಾಡಿದ (ಇದ್ದ ಚೀಟಿಯ ಮೇಲೆ ಹೊಸ ಅಕ್ಷರ ಅಚ್ಚುಹಾಕಿದ) 3 ಸೆಂಟ್ ಅಂಚೆಚೀಟಿಗಳೇ ಕೇವಲ 200 ಆಗಿದ್ದರಿಂದ ಅವುಗಳ ಬೆಲೆ ನನ್ನಂಥವರಿಗೆ ಎಟುಕುವುದಿಲ್ಲ. 1937ರ ಮೇ 6ರ ಹಿಂಡೆನ್‌ಬರ್ಗ್ ವಾಯುನೌಕೆಯ ದುರಂತದ ಪತ್ರಗಳದ್ದೂ ಇದೇ ಕಥೆ: 17 ಸಾವಿರಕ್ಕೂ ಹೆಚ್ಚು ಪತ್ರಗಳಲ್ಲಿ ಉಳಿದದ್ದು ಕೆಲವೇ ನೂರು. ಸತ್ತವರ ಸಂಖ್ಯೆಯನ್ನೇ ಮುಂದಿಟ್ಟು ಬೆಲೆ ಏರಿಸುವ ಮಾರಾಟದ ವಿವರಣೆಗಳು ನನಗೆ ಹಿಡಿಸದಿರುವುದೂ ಆ ಕಡೆ ಹೋಗದಿರಲು ಒಂದು ಕಾರಣ. ಇನ್ನು ಮುಂದೆ ಇಂಪೀರಿಯಲ್ ಏರ್‌ವೇಸ್ ಸಮುದ್ರವಿಮಾನಗಳಿಗಷ್ಟೇ ಸಂಗ್ರಹವನ್ನು ಸೀಮಿತಗೊಳಿಸುತ್ತಿದ್ದೇನೆ.

ಸಂರಕ್ಷಣೆಯ ವಿಷಯದಲ್ಲಿ ಹಳೆಯ ಪಿವಿಸಿ ಹೊದಿಕೆಗಳನ್ನೆಲ್ಲ ತೆಗೆದು ಪಾಲಿಯೆಸ್ಟರ್ ಹೊದಿಕೆಗಳನ್ನೂ ಆಮ್ಲರಹಿತ ಹಾಳೆಗಳನ್ನೂ ಬಳಸಿದ್ದೇನೆ. ಕಡಲ ಉಪ್ಪು ಕಾಗದದಲ್ಲಿ ಉಳಿದು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇರಿಸಬೇಕಾಗಿದೆ. ಆದರೂ ಲಕೋಟೆಯನ್ನು ತೊಳೆಯುವ ಸಲಹೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ತೊಳೆದರೆ ಶಾಯಿಗಳ ಆ ಅನುಕ್ರಮವೇ ಅಳಿಸಿಹೋಗುತ್ತದೆ.

ಮುಂದಿನ ಹುಡುಕಾಟ 1929ರ ಅಕ್ಟೋಬರ್ 26ರಂದು ಇಟಲಿಯ ಸ್ಪೆಜಿಯಾ ಬಳಿ ಬಿರುಗಾಳಿಗೆ ಸಿಕ್ಕು ಮುಳುಗಿದ 'ಸಿಟಿ ಆಫ್ ರೋಮ್' ವಿಮಾನದ್ದು. ಇದು ಕರಾಚಿಯಿಂದ ಲಂಡನ್ನಿಗೆ ಹೋಗುವ ಅಂಚೆಯ ಮಾರ್ಗವಾಗಿದ್ದುದರಿಂದ ಇಲ್ಲಿ ದಿಕ್ಕಿನ ಲೆಕ್ಕ ತಿರುವುಮುರುವು. ಹಾನಿಗೊಂಡ ಪತ್ರವನ್ನು ಒಳಗಿಟ್ಟು ಅಂಚೆ ಇಲಾಖೆ ಕಳುಹಿಸಿದ ಹೊರಲಕೋಟೆಯೂ ಜೊತೆಗಿರುವ ಪ್ರತಿ ಸಿಕ್ಕರೆ ಹೆಚ್ಚು ಬೆಲೆ ತೆರಲು ಸಿದ್ಧನಿದ್ದೇನೆ. ಪಡೆದವರಲ್ಲಿ ಬಹುತೇಕರು ಅದನ್ನು ಹರಿದು ಎಸೆದಿರುತ್ತಾರೆ.